ಅತ್ತೆಯಿಂದ ಎರವಲು ತಂದ ಮೂಗು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮದುವೆಯಾದಾಗಿನಿಂದ ಹದಿನೆಂಟು ವರ್ಷ ನಾನು ನನ್ನ ಅತ್ತೆಯ ಮೂಗನ್ನು ಒಳಗೊಳಗೇ ಬೈದುಕೊಂಡು ಬದುಕಿದವಳು. ಅತ್ತೆಯನ್ನಲ್ಲ, ಮೂಗನ್ನು ಮಾತ್ರ. ಬೇರೆ ಸೊಸೆಯಂದಿರಿಗೆ ಅತ್ತೆಯ ನಾಲಿಗೆಯ ಮೇಲೆ ತಕರಾರಿರುತ್ತದೆ. ನಮ್ಮ ನೀಲವ್ವತ್ತೆಯ ನಾಲಿಗೆ ಬಂಗಾರದಂಥದ್ದು, ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೆ ಆ ಮೂಗಿನೆದುರು ಮಾತ್ರ ಯಾವ ಗುಟ್ಟೂ ನಿಲ್ಲುತ್ತಿರಲಿಲ್ಲ. ಮದುವೆಯಾದ ಮೊದಲ ವರ್ಷದ ಮಾತು. ತವರುಮನೆ ಮುಂಡಗೋಡದಿಂದ ಹಳಿಯಾಳದ ಹತ್ತಿರದ ನಮ್ಮ ಹಳ್ಳಿಗೆ ಹೊರಟವಳು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಸಂತೆಯಲ್ಲಿ ನಿಂತು ಎರಡು ಮಿರ್ಚಿ ಭಜಿ ತಿಂದಿದ್ದೆ. ಕೈ ತೊಳೆದಿದ್ದೆ, ಎಲೆ ಅಡಿಕೆ ಹಾಕಿಕೊಂಡಿದ್ದೆ. ಮೂರು ತಾಸು ಬಸ್ಸಿನಲ್ಲಿ ಕಿಟಕಿಯ ಗಾಳಿ ಬೇರೆ ಕುಡಿದಿದ್ದೆ. ಹೊಸ್ತಿಲು ದಾಟುತ್ತಿದ್ದ ಹಾಗೆಯೇ ಅತ್ತೆ ಮುಖವೆತ್ತಿ, "ಮಿರ್ಚಿ ತಿಂದ್ಯಾ ತಂಗಿ? ತಿನ್ನು, ಬ್ಯಾಡ ಅನ್ನಂಗಿಲ್ಲ. ಆದರ ಆ ಎಣ್ಣಿ ಭಾಳ ಹಳೇದಿತ್ತು. ರಾತ್ರಿ ಊಟ ಕಡಿಮಿ ಮಾಡು" ಅಂದರು. ಅವರು ಹೇಳಿದಂತೆಯೇ ಆ ಸಂಜೆ ಹೊಟ್ಟೆ ಕೈಕೊಟ್ಟಿತು. ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಯಜಮಾನರಿಗೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸವಾದ ಮೇಲೆ ನಾವು ಅಲ್ಲಿನ ಬಂಗೂರನಗರಕ್ಕೆ ಬಂದೆವು. ಮಾವ ತೀರಿಕೊಂಡ ಬಳಿಕ ಅತ್ತೆಯೂ ಬಂದರು. ಒಂದು ಕಬ್ಬಿಣದ ಮಂಚ, ಲಿಂಗದ ಕರಡಿಗೆ, ಮೊಣಕಾಲಿಗೆ ಹಚ್ಚುವ ಒಂದು ಬಾಟಲಿ ಎಣ್ಣೆ, ಜೊತೆಗೆ ಆ ಮೂಗು. ಇಷ್ಟು ಅವರ ಸಾಮಾನು. ಅಷ್ಟರಲ್ಲಿ ನಾನು ಮನೆಯ ಮುಂದಿನ ಕೋಣೆಯಲ್ಲಿ ಸಣ್ಣದೊಂದು ಖಾನಾವಳಿ ಶುರು ಮಾಡಿದ್ದೆ. ಎರಡು ಉದ್ದನೆಯ ಟೇಬಲ್ಲು, ಮಧ್ಯಾಹ್ನಕ್ಕೊಂದೇ ಊಟ: ರೊಟ್ಟಿ, ಎರಡು ಪಲ್ಯ, ಬೇಳೆಸಾರು, ಅನ್ನ, ಮಜ್ಜಿಗೆ. ಇಪ್ಪತ್ತು ಇಪ್ಪತ್ತೈದು ಜನ ನಿತ್ಯದ ಗಿರಾಕಿಗಳು. ಅಡುಗೆ ಮಾಡುವವರಿಗೆ ಒಂದು ಅಹಂಕಾರ ಇರುತ್ತದೆ, ಇರಲೇಬೇಕು. ನನಗೆ ಅದು ಪಾಲಿಗಿಂತ ತುಸು ಹೆಚ್ಚೇ ಇತ್ತು. ಹೀಗಿರುವಾಗ, ಅಡುಗೆಮನೆಯ ಗೋಡೆಯಾಚೆ ಮಂಚದ ಮೇಲೆ ಕೂತು, ಇತ್ತ ತಿರುಗಿಯೂ ನೋಡದೆ, "ಶಾಂತಾ, ಬ್ಯಾಳಿ ತಳ ಹಿಡೀತೇತಿ ನೋಡವಾ" ಎಂದು ಕೂಗುವ ಅತ್ತೆಯನ್ನು ಹೇಗೆ ಸಹಿಸುವುದು? ಅದೂ ಗಿರಾಕಿಗಳಿಗೆ ಕೇಳುವ ಹಾಗೆ. ಅವರು ನಗುತ್ತಿದ್ದರು. ನಾನು ಸೌಟು ತಿರುವುತ್ತಾ ಹಲ್ಲು ಕಡಿಯುತ್ತಿದ್ದೆ. ಬೇಳೆ ತಳ ಹಿಡಿಯುತ್ತಿದ್ದುದು ನಿಜ, ಅದು ಬೇರೆ ಮಾತು.

ನಮ್ಮ ಗಿರಾಕಿಗಳಲ್ಲಿ ನಾಡಗೌಡ ಮಾಸ್ತರು ಅಂತ ಒಬ್ಬರು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಹೆಂಡತಿಯಿಲ್ಲ, ಮಕ್ಕಳಿಲ್ಲ, ಕೇಳುವ ವಿದ್ಯಾರ್ಥಿಗಳೂ ಇಲ್ಲ. ಹಾಗಾಗಿ ಪಾಠವೆಲ್ಲ ನಮ್ಮ ಟೇಬಲ್ಲಿನ ಮೇಲೆಯೇ. ಒಂದು ಮಧ್ಯಾಹ್ನ ಅವರು ತುಂಬಿದ ಬದನೆಕಾಯಿ ಪಲ್ಯವನ್ನು ಮುಂದಿಟ್ಟುಕೊಂಡು, ಮನುಷ್ಯನಿಗೆ ಐದು ಇಂದ್ರಿಯ ಇದ್ದರೆ ಪ್ರಾಣಿಗಳಿಗೆ ಏನೇನೆಲ್ಲ ಇವೆ ಎಂದು ವಿವರಿಸತೊಡಗಿದರು. ನಮ್ಮದೇ ಕಾಡಿನ ಹಸಿರು ಕುಳಿಮಂಡಲ ಹಾವಿಗೆ ಕಣ್ಣಿಗೂ ಮೂಗಿಗೂ ನಡುವೆ ಒಂದು ಕುಳಿ ಇರುತ್ತದಂತೆ. ಕತ್ತಲಲ್ಲಿ ಇಲಿ ಕೂತಿದ್ದರೆ ಅದರ ಮೈಬಿಸಿ ಆ ಕುಳಿಗೆ ಗೊತ್ತಾಗುತ್ತದಂತೆ. ಆನೆ ನೆಲದ ನಡುಕವನ್ನು ಪಾದದಿಂದ ತಿಳಿಯುತ್ತದೆ. ಮೀನಿಗೆ ಮೈಯುದ್ದಕ್ಕೂ ಒಂದು ಗೆರೆ, ಅದರಿಂದಲೇ ನೂರು ಮೀನು ಒಟ್ಟಿಗೆ ಹೊರಳಿದರೂ ಒಂದಕ್ಕೊಂದು ತಾಗುವುದಿಲ್ಲ. ಪಾತರಗಿತ್ತಿ ರುಚಿ ನೋಡುವುದು ಕಾಲಿನಿಂದ.

"ಕಾಲಿನಿಂದ್ರಿ?" ಎಂದು ತುತ್ತು ನಿಲ್ಲಿಸಿ ಕೇಳಿದವರು ಇಮಾಮಸಾಬ್, ಜೊಯಿಡಾ ಬಸ್ಸಿನ ಕಂಡಕ್ಟರು. "ಮಾಸ್ತರ್, ಹಂಗಾದ್ರ ಮನುಷ್ಯಾಗ ಅದು ಬ್ಯಾಡ್ರಿ. ನಮ್ಮ ಬಸ್ ಸ್ಟ್ಯಾಂಡಿನಾಗ ಇಳದು ನಡ್ಯೂದು ಹೆಂಗ?"

ಎಲ್ಲರೂ ನಕ್ಕರು. ಮಾಸ್ತರು ಮಾತ್ರ ಗಂಭೀರವಾಗಿ ಒಬ್ಬೊಬ್ಬರನ್ನೇ ಕೇಳಿದರು, ಒಂದು ಇಂದ್ರಿಯ ಹೆಚ್ಚು ಸಿಗುವುದಾದರೆ ಯಾವುದು ಬೇಕು ಅಂತ. ಇಮಾಮಸಾಬರು ಮೀನಿನ ಗೆರೆ ಆರಿಸಿಕೊಂಡರು. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿನವರೆಗೆ ಯಾರ ಕಾಲನ್ನೂ ತುಳಿಯದೆ ಒಮ್ಮೆ ಹೋಗಿಬರಬೇಕು ಎಂಬುದು ಅವರ ಇಪ್ಪತ್ತು ವರ್ಷದ ಆಸೆ. ನಮ್ಮ ಯಜಮಾನರಿಗೆ ಅವತ್ತು ಎರಡನೇ ಪಾಳಿ, ಊಟಕ್ಕೆ ಕೂತಿದ್ದರು. "ಕಾಳಿ ನದ್ಯಾಗ ನೀರನಾಯಿ ಅದಾವಲ್ರಿ, ಮುಳುಗಿದಾಗ ಅದರ ಕಿವಿ ತಾನ ಮುಚ್ಚತಾವಂತ. ನನಗ ಅಂಥಾ ಕಿವಿ ಸಾಕು" ಅಂದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ, ಆದರೂ ಎಲ್ಲರಿಗೂ ಅರ್ಥವಾಯಿತು. ಅದು ಇಂದ್ರಿಯ ಹೆಚ್ಚಿಸಿದಂತಲ್ಲ, ಕಡಿಮೆ ಮಾಡಿದಂತೆ ಎಂದು ಮಾಸ್ತರು ಅವರ ಅರ್ಜಿಯನ್ನು ತಿರಸ್ಕರಿಸಿದರು. ನಾನು ಆನೆಯ ಪಾದ ಕೇಳಿದೆ. ಗಿರಾಕಿಗಳು ಬೀದಿಯ ತುದಿಯಲ್ಲಿರುವಾಗಲೇ ನನ್ನ ಅಂಗಾಲಿಗೆ ತಿಳಿದರೆ, ಅವರು ಕೂರುವ ಹೊತ್ತಿಗೆ ಸರಿಯಾಗಿ ರೊಟ್ಟಿ ಹಂಚಿನಿಂದ ಇಳಿಸಬಹುದಲ್ಲ ಎಂಬ ಲೆಕ್ಕ. ಇದನ್ನೆಲ್ಲ ನಾನು ಬಾಗಿಲಿಗೆ ಒರಗಿ ಕೈ ತಿರುವುತ್ತಾ ವರ್ಣಿಸುತ್ತಿದ್ದೆ.

ಅಷ್ಟರಲ್ಲಿ ಗೋಡೆಯಾಚೆಯಿಂದ ಅತ್ತೆಯ ಧ್ವನಿ ಬಂತು. "ಇದ್ದದ್ದನ್ನ ಮದ್ಲ ಬಳಸವಾ ಶಾಂತಾ. ಕ್ಯಾಬೀಜ್ ಪಲ್ಯಾ ಹೊತ್ತಾಕತ್ತೇತಿ."

ಓಡಿಹೋಗಿ ನೋಡಿದರೆ ಹೊತ್ತಿತ್ತು. ಹೊರಗೆ ನಗೆ ನಿಲ್ಲಲೇ ಇಲ್ಲ. ಆ ಸಂಜೆಯೇ ನಾನು, "ಹಿಂದಿನ ಖೋಲ್ಯಾಗ ಗಾಳಿ ಛಲೋ ಐತಿ ಅತ್ತಿ, ಅಲ್ಲಿ ಮಲಕೋರಿ" ಎಂದು ಅವರ ಮಂಚವನ್ನು ಮನೆಯ ಕೊನೆಯ ಕೋಣೆಗೆ ಸಾಗಿಸಿದೆ. ಅಲ್ಲಿ ಗಾಳಿ ಚೆನ್ನಾಗಿತ್ತು, ಅದು ಸುಳ್ಳಲ್ಲ. ಅಡುಗೆಮನೆಗೂ ಅದಕ್ಕೂ ನಡುವೆ ಎರಡು ಬಾಗಿಲು ಇದ್ದುದೂ ಸುಳ್ಳಲ್ಲ. ಅತ್ತೆ ಎಣ್ಣೆಯ ಬಾಟಲಿಯನ್ನು ತಾವೇ ಕೈಯಲ್ಲಿ ಹಿಡಿದುಕೊಂಡು, ಗೋಡೆ ಹಿಡಿದು ನಿಧಾನ ನಡೆದು ಹೋದರು. ಆ ನಡಿಗೆ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ.

ಅದಾಗಿ ಕೆಲವು ತಿಂಗಳಿಗೆ ನನಗೊಂದು ಜ್ವರ ಬಂತು. ವಾರ ಮಲಗಿದೆ, ಎದ್ದೆ, ಸ್ನಾನ ಮಾಡಿ ಮತ್ತೆ ಒಲೆಯ ಮುಂದೆ ನಿಂತೆ. ಎಣ್ಣೆ ಕಾದಿತು, ಸಾಸಿವೆ ಸಿಡಿಯಿತು, ಕರಿಬೇವು ಚುರ್ ಅಂದಿತು. ಆದರೆ ಏನೋ ಒಂದು ಬರಬೇಕಾದದ್ದು ಬರಲಿಲ್ಲ. ಟಿವಿಯಲ್ಲಿ ಬೇರೆ ಯಾರೋ ಒಗ್ಗರಣೆ ಹಾಕುವುದನ್ನು ನೋಡಿದ ಹಾಗಿತ್ತು. ಇಂಗಿನ ಡಬ್ಬಿ ತೆರೆದು ಮೂಗಿಗೆ ಹಿಡಿದೆ. ಬೆಳ್ಳುಳ್ಳಿ ಜಜ್ಜಿ ಹಿಡಿದೆ. ಕರ್ಪೂರ ಹಿಡಿದೆ. ಎಲ್ಲವೂ ಒಂದೇ, ಎಲ್ಲವೂ ಗಾಳಿ. ನಾಲಿಗೆಗೆ ಉಪ್ಪು, ಹುಳಿ, ಖಾರ, ಸಿಹಿ ತಿಳಿಯುತ್ತಿತ್ತು. ಆದರೆ ಬದನೆಕಾಯಿಗೂ ಬೆಂಡೆಕಾಯಿಗೂ ಕಣ್ಣುಮುಚ್ಚಿದರೆ ವ್ಯತ್ಯಾಸವಿರಲಿಲ್ಲ. ಹುಬ್ಬಳ್ಳಿಗೆ ಹೋಗಿ ಡಾಕ್ಟರಿಗೆ ತೋರಿಸಿದೆ. "ಜ್ವರದಿಂದ ಹಿಂಗಾಗತೈತಿ. ವಾಪಸ್ ಬರಬಹುದು. ಯಾವಾಗ ಅಂತ ಹೇಳಾಕ ಆಗೂದಿಲ್ಲ" ಅಂದರು. ಬರುವಾಗ ಬಸ್ಸಿನಲ್ಲಿ ಕೂತು ನನಗೆ ಅಳು ಬಂತು, ನಗುವೂ ಬಂತು. ಆನೆಯ ಪಾದ ಬೇಕೆಂದು ಕೇಳಿದವಳಿಗೆ ಇದ್ದ ಮೂಗೂ ಹೋಗಿತ್ತು.

ಅಡುಗೆಯವಳಿಗೆ ಮೂಗಿಲ್ಲ ಎಂದು ಗೊತ್ತಾದರೆ ಯಾರು ಊಟಕ್ಕೆ ಬರುತ್ತಾರೆ? ಹಾಗಾಗಿ ಯಾರಿಗೂ ಹೇಳಲಿಲ್ಲ. ಯಜಮಾನರಿಗೊಬ್ಬರಿಗೆ ಹೇಳಿ, ರುಚಿ ನೋಡುವ ಕೆಲಸ ವಹಿಸಿದೆ. ಅವರು ಒಂದು ಚಮಚ ಬಾಯಿಗೆ ಹಾಕಿಕೊಂಡು "ಛಲೋ ಐತಿ" ಅನ್ನುತ್ತಿದ್ದರು. ಹದಿನೆಂಟು ವರ್ಷದಿಂದ ನಾನು ಏನು ಕೊಟ್ಟರೂ ಅವರು ಹೇಳಿದ್ದು ಅದೊಂದೇ ಮಾತು. ಅದನ್ನು ಪ್ರೀತಿ ಎಂದುಕೊಂಡು ಸಂತೋಷಪಟ್ಟವಳು ನಾನು. ಈಗ ನೋಡಿದರೆ ಮುಳ್ಳು ಒಂದೇ ಕಡೆ ನಿಂತ ತಕ್ಕಡಿಯ ಹಾಗೆ, ಯಾವ ಉಪಯೋಗವೂ ಇಲ್ಲ. ಒಂದು ದಿನ ಸಾರಿಗೆ ಇಂಗು ಎಷ್ಟು ಬಿದ್ದಿತೋ ಏನೋ, ಇಮಾಮಸಾಬರು ಬಹಳ ಮರ್ಯಾದೆಯಿಂದ, "ಶಾಂತಾಬಾಯಿ, ಇವತ್ತ ಇಂಗು ಜರಾ ಪ್ರೀತಿಲೇ ಹಾಕೀರಿ" ಅಂದರು. ಮಾಸ್ತರು ಬರೀ ಮಜ್ಜಿಗೆ ಅನ್ನ ತಿಂದು ಎದ್ದರು. ಮೂರು ನಾಲ್ಕು ಜನ ಒಂದೊಂದು ನೆಪ ಹೇಳಿ ಬರುವುದನ್ನೇ ಬಿಟ್ಟರು. ಹೀಗೇ ಒಂದು ತಿಂಗಳು ನೂಕಿದೆ. ಅಷ್ಟೂ ದಿನ ಎರಡು ಬಾಗಿಲಿನಾಚೆ ಒಂದು ಒಳ್ಳೆಯ ಮೂಗು ಸುಮ್ಮನೆ ಕೂತಿತ್ತು. ಹೋಗಿ ಕೇಳಲು ನನಗೆ ಮುಖವಿರಲಿಲ್ಲ.

ಹಾಗಿರುವಾಗ ನಮ್ಮ ಓಣಿಯ ಸಾವಿತ್ರಕ್ಕ ಬಂದು, ಮಗಳ ಕುಬಸಕ್ಕೆ ನಲವತ್ತು ಜನರ ಅಡುಗೆ ಮಾಡಿಕೊಡಬೇಕೆಂದರು. ಏಳು ತಿಂಗಳ ಬಸುರಿಗೆ ಹಸಿರು ಸೀರೆ, ಹಸಿರು ಬಳೆ ತೊಡಿಸಿ, ಬಯಸಿದ್ದನ್ನು ಉಣಿಸುವ ಶಾಸ್ತ್ರ. ಆ ಹುಡುಗಿ ಬಯಸಿದ್ದು ಹೋಳಿಗೆ. ಹೂಂ ಅಂದೆ. ಹಿಂದಿನ ದಿನ ಸಂಜೆಯೇ ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ ಕುದಿಸಿ, ರುಬ್ಬಿ ಹೂರಣ ಸಿದ್ಧಮಾಡಿದೆ. ಆರುವ ಮೊದಲೇ ದೊಡ್ಡ ಪಾತ್ರೆಗೆ ತುಂಬಿ, ಬಿಗಿಯಾಗಿ ಮುಚ್ಚಿಟ್ಟು ಮಲಗಿದೆ. ಸೆಕೆಯ ದಿನಗಳು. ಮೂಗಿದ್ದಾಗ ಇಂಥ ತಪ್ಪು ಮಾಡಿದವಳಲ್ಲ ನಾನು, ಯಾಕೆಂದರೆ ಮೂಗು ನಡುನಡುವೆ ಎಬ್ಬಿಸಿ ಹೇಳುತ್ತಿತ್ತು.

ಬೆಳಿಗ್ಗೆ ಎಂಟೂವರೆಗೆ ಪಾತ್ರೆಯ ಮುಚ್ಚಳ ತೆಗೆದು, ಕಣಕ ನಾದುತ್ತಾ ಕೂತಿದ್ದೆ. ಹಿಂದಿನಿಂದ ಕೋಲಿನ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಅತ್ತೆ. ಎರಡು ಬಾಗಿಲು ದಾಟಿ, ಗೋಡೆ ಹಿಡಿದುಕೊಂಡು ಬಂದಿದ್ದರು. ಹಣೆಯ ವಿಭೂತಿಯ ಮೇಲೆ ಬೆವರು ಇಳಿದಿತ್ತು.

"ಹೂರಣ ಹುಳಿ ಬಂದೇತಿ" ಅಂದರು.

"ಇಲ್ರಿ ಅತ್ತಿ. ನಿನ್ನಿ ಸಂಜೀಗೆ ಮಾಡೇನಿ."

"ಮೂಸ ನೋಡು."

ಒಂದು ಚೂರು ಕೈಗೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದೆ. ಎಷ್ಟು ದೀರ್ಘವಾಗಿ ಉಸಿರೆಳೆಯಬಹುದೋ ಅಷ್ಟು ಎಳೆದು, "ಛಲೋ ಐತ್ರಿ" ಅಂದೆ. ಥೇಟು ನಮ್ಮ ಯಜಮಾನರ ಧ್ವನಿಯಲ್ಲೇ.

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ, "ಕಣ್ಣ ಮುಚ್ಚು" ಅಂದರು. ಯಾಕೆಂದು ಕೇಳದೆ ಮುಚ್ಚಿದೆ. ಮೂಗಿನ ಕೆಳಗೆ ಏನೋ ಹಿಡಿದಂತಾಯಿತು. "ಇದೇನು ಹೇಳು." ಹೋಳಿಗೆಯ ಹೊತ್ತಲ್ಲವೇ ಎಂದು ಅಂದಾಜಿನ ಮೇಲೆ, "ಯಾಲಕ್ಕಿ" ಅಂದೆ. ಕಣ್ಣು ತೆರೆದರೆ ಅವರ ಸೆರಗಿನ ತುದಿ. ರಾತ್ರಿಯಿಡೀ ಮೊಣಕಾಲಿಗೆ ಸುತ್ತಿಕೊಂಡಿದ್ದ ಸೆರಗು ಅದು, ಎಣ್ಣೆಯಲ್ಲಿ ನೆಂದಿತ್ತು. ಬೇವು, ಬೆಳ್ಳುಳ್ಳಿ, ಕರ್ಪೂರ ಕುದಿಸಿದ ಆ ಎಣ್ಣೆಯ ವಾಸನೆಗೆ ನಾನು ಎಷ್ಟು ಸಲ ಕಿಟಕಿ ತೆರೆದಿದ್ದೆನೋ ಲೆಕ್ಕವಿಲ್ಲ.

"ಎಷ್ಟ ದಿನಾ ಆತು?" ಎಂದು ಮೆಲ್ಲಗೆ ಕೇಳಿದರು.

"ತಿಂಗಳಾತ್ರಿ. ಜ್ವರಾ ಬಂದಾಗಿಂದ" ಅಂದೆ. ಅಷ್ಟರಲ್ಲಿ ಕಣ್ಣೀರು ಕಣಕದ ಮೇಲೆ ಬೀಳತೊಡಗಿತ್ತು. ಏಳು ತಿಂಗಳ ಬಸುರಿಗೆ ಹಳಸಿದ ಹೂರಣ ಬಡಿಸಲು ಕೂತಿದ್ದೆನಲ್ಲ. ಅವರು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ.

"ಅಳೂದು ಆಮ್ಯಾಲ. ಹಿಟ್ಟಿನ ಮ್ಯಾಲ ನೀರ ಹೆಚ್ಚಾದ್ರ ಲಟ್ಟಿಸಾಕ ಬರೂದಿಲ್ಲ. ಒಂದ ಕುರ್ಚಿ ತಾ ಇಲ್ಲಿ. ಬೆಲ್ಲಾ ಎಷ್ಟೈತಿ ಮನ್ಯಾಗ? ಪುಟಾಣಿ ಐತೇನು? ಕೊಬ್ಬರಿ?"

ಮತ್ತೆ ಬೇಳೆ ಬೇಯಿಸಿ, ಆರಿಸಿ, ರುಬ್ಬಿ ನಲವತ್ತು ಜನಕ್ಕೆ ಹೋಳಿಗೆ ಮಾಡುವಷ್ಟು ಹೊತ್ತಿರಲಿಲ್ಲ. ಅತ್ತೆ ಮಾದಲಿ ಮಾಡೋಣ ಅಂದರು. ನಾದಿಟ್ಟ ಕಣಕಕ್ಕೆ ರವೆ ಸೇರಿಸಿ ದಪ್ಪ ಚಪಾತಿ ಬೇಯಿಸಿ, ಬಿಸಿಯಿರುವಾಗಲೇ ಮುರಿದು ಪುಡಿಮಾಡಿ, ಬೆಲ್ಲ, ಪುಟಾಣಿ ಅಂದರೆ ಹುರಿಗಡಲೆ, ಕೊಬ್ಬರಿ, ಗಸಗಸೆ ಬೆರೆಸಿದರೆ ಮಾದಲಿ. ತುಪ್ಪ ಹಾಲು ಹಾಕಿಕೊಂಡು ಉಣ್ಣುವುದು. ನಾನು ಮೊದಲು ಸಾವಿತ್ರಕ್ಕನ ಮನೆಗೆ ಓಡಿ, ಇದ್ದುದನ್ನು ಇದ್ದಂತೆ ಹೇಳಿದೆ. ಆಕೆಯ ಮುಖ ಒಂದು ಕ್ಷಣ ಸಣ್ಣದಾಯಿತು. ಆಮೇಲೆ, "ಹಳಸಿದ್ದು ಗೊತ್ತಾತಲ್ಲ, ಅಷ್ಟ ಸಾಕು. ಮಾದಲಿ ಆದ್ರ ಮಾದಲಿ. ನಮ್ಮವ್ವನೂ ನನ್ನ ಕುಬಸಕ್ಕ ಅದನ್ನ ಮಾಡಿದ್ಲು" ಅಂದರು. ತಿರುಗಿ ಬರುವಷ್ಟರಲ್ಲಿ ಅತ್ತೆ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಅಗಲವಾದ ಪರಾತ ತಟ್ಟೆ ಇಟ್ಟುಕೊಂಡು ಕೊಬ್ಬರಿ ತುರಿಯುತ್ತಿದ್ದರು. ನಾನು ಬೇಯಿಸಿದೆ, ಅವರು ಹೇಳಿದರು. "ತಿರುವಿ ಹಾಕು. ಇನ್ನೊಂದ ಚೂರು. ಈಗ ತಗಿ. ಗಸಗಸಿ ಸಾಕು, ಕಮರತೈತಿ." ಒಂದು ಗಂಟೆಗೆ ಎಲೆ ಹಾಕಿದಾಗ ಎಲ್ಲವೂ ಸಿದ್ಧವಾಗಿತ್ತು. ಹಸಿರು ಸೀರೆಯ ಆ ಹುಡುಗಿ ಎರಡನೇ ಸಲ ಮಾದಲಿ ಕೇಳಿ ಹಾಕಿಸಿಕೊಂಡಳು. ನಾನು ಹಾಲಿನ ಪಾತ್ರೆ ಹಿಡಿದು ಸಾಲಿನ ನಡುವೆ ನಿಂತು ಅವಳು ಉಣ್ಣುವುದನ್ನೇ ನೋಡುತ್ತಿದ್ದೆ.

ಅದೇ ಸಂಜೆ ಅತ್ತೆಯ ಮಂಚ ಹಳೆಯ ಜಾಗಕ್ಕೆ ಬಂತು. ಬೆಳಗಿನ ಹೊತ್ತು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ. ಗಿರಾಕಿಗಳಿಗೂ ನಿಜ ಹೇಳಿಬಿಟ್ಟೆ. ಒಬ್ಬರೂ ಎದ್ದು ಹೋಗಲಿಲ್ಲ. ಇಮಾಮಸಾಬರು, "ಈಗ ಸಮಾಧಾನ ಆತ್ರಿ ಬಾಯಿ. ನಾವು ನಿಮ್ಮ ಮನ್ಯಾಗ ಏನೋ ಜಗಳ ನಡದೈತಿ, ಸಿಟ್ಟು ಸಾರಿನಾಗ ಬೀಳಾಕತ್ತೈತಿ ಅಂದಕೊಂಡಿದ್ವಿ" ಅಂದರು. ಬಿಟ್ಟುಹೋದವರನ್ನು ಅವರೇ ಹುಡುಕಿ ಕರೆತಂದರು.

ಅಲ್ಲಿಂದ ಮುಂದಿನ ನಾಲ್ಕು ತಿಂಗಳು ನನ್ನ ಪಾಲಿಗೆ ದೊಡ್ಡ ಭಾಗ್ಯ. ಅತ್ತೆ ಬರೀ "ಆತು", "ಇಲ್ಲ" ಎಂದು ಹೇಳಿ ಮುಗಿಸುತ್ತಿರಲಿಲ್ಲ. ನಾನು ಕೇಳಿದರೆ ವಾಸನೆಯನ್ನು ಮಾತಿನಲ್ಲಿ ಹೇಳುತ್ತಿದ್ದರು. ಜೀರಿಗೆ ಹುರಿದದ್ದು ಹೇಗಿದೆ ಎಂದರೆ, "ಬಿಸಲಾಗ ಒಣಗಿಸಿದ ಹಾಸಗಿ ಮ್ಯಾಲ ಮಕ್ಕೊಂಡಂಗ" ಅನ್ನುವರು. ಹೊಸ ಅಕ್ಕಿಯ ಅನ್ನ ಕುದಿಯುವಾಗ, "ನಿಮ್ಮ ಮುಂಡಗೋಡದ ಮನ್ಯಾಗ ಭತ್ತದ ಕಣಜದಾಗ ಕೈ ಹಾಕ್ತಿದ್ದೆಲ್ಲ ಸಣ್ಣಾಕಿ ಇದ್ದಾಗ, ಹಂಗ ನೋಡು" ಅಂದರು. ನಾನು ಹಾಗೆ ಕೈ ಹಾಕುತ್ತಿದ್ದುದು ಅವರಿಗೆ ಹೇಗೆ ಗೊತ್ತು ಎಂದು ಕೇಳಿದೆ. "ಎಲ್ಲಾ ಹುಡುಗ್ಯಾರೂ ಹಾಕ್ತಾರ" ಅಂದರು. ಹದಿನೆಂಟು ವರ್ಷ ಅತ್ತೆ ಸೊಸೆಯಾಗಿದ್ದೂ ನಾವು ಆಡದ ಮಾತುಗಳೆಲ್ಲ ಒಗ್ಗರಣೆಯ ನೆಪದಲ್ಲಿ ಹೊರಬಂದವು. ಮಾಸ್ತರು ಒಂದು ದಿನ ಕುತೂಹಲ ತಡೆಯದೆ ಅತ್ತೆಯ ಹತ್ತಿರ ಕೂತು, "ನಿಮಗ ಹುಟ್ಟಿನಿಂದ ಇಂಥಾ ಮೂಗು ಐತೇನ್ರಿ ಅಮ್ಮಾರ?" ಎಂದು ಕೇಳಿದರು. ಅತ್ತೆ, "ಇಲ್ಲಪಾ. ಹನ್ನೊಂದ ಮಂದಿ ಇದ್ದ ಮನ್ಯಾಗ ಸೊಸಿ ಆಗಿ ಬಂದೆ. ಯಾರಿಗೂ ಹೊಟ್ಟಿ ಕೆಡಬಾರದು ಅಂತ ಮೂಸಿ ಮೂಸಿ ಹಿಂಗಾತು" ಅಂದರು. ಮಾಸ್ತರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ನನ್ನ ಮೂಗು ತಿರುಗಿ ಬಂದದ್ದು ತೀರಾ ಅಡ್ಡದಾರಿಯಿಂದ. ಮೊದಲು ಚಹಾ ಸುಟ್ಟ ಟೈರಿನ ಹಾಗೆ ನಾರಿತು. ಈರುಳ್ಳಿ ಸೀಮೆಎಣ್ಣೆಯಂತಾಯಿತು. ಕೆಲವು ವಾರ ಕಳೆದ ಮೇಲೆ ಒಂದು ಮುಂಜಾನೆ, ಅತ್ತೆಗೆ ಕುರ್ಚಿ ಸರಿಸಿಕೊಡಲು ಬಾಗಿದಾಗ, ಬೇವು ಬೆಳ್ಳುಳ್ಳಿ ಕರ್ಪೂರ ಒಟ್ಟಿಗೆ ನೆತ್ತಿಗೆ ಹೊಡೆದವು. ಮೊಣಕಾಲಿನ ಎಣ್ಣೆ. ಮಲ್ಲಿಗೆ ದಂಡೆ ಮೂಸಿದವಳ ಹಾಗೆ ನಾನು ಅಲ್ಲಿಯೇ ಬಾಗಿಕೊಂಡು ನಿಂತೆ.

ಸಂತೋಷದಲ್ಲಿ ಹೇಳಿಬಿಡಬೇಕು ಎನ್ನಿಸಿತು. ಆದರೆ ತಡೆದೆ. ಮೂಗು ಬಂತು ಎಂದರೆ ಅತ್ತೆಗೆ ಇಲ್ಲಿ ಇನ್ನೇನು ಕೆಲಸ? ತಾನು ಬೇಡವಾದೆ ಎಂದು ಅವರ ಮನಸ್ಸಿಗೆ ಬರಬಾರದು. ಹೀಗೆ ಯೋಚಿಸಿ, ಅವರ ಮರ್ಯಾದೆ ಕಾಯುವುದು ಇನ್ನು ನನ್ನ ಧರ್ಮ ಎಂದುಕೊಂಡೆ. ಒಂದು ತಿಂಗಳು, ಎಲ್ಲ ವಾಸನೆಯೂ ಚೆನ್ನಾಗಿ ತಿಳಿಯುತ್ತಿದ್ದರೂ, "ಅತ್ತಿ, ಬ್ಯಾಳಿ ಹೆಂಗೈತ್ರಿ? ಅತ್ತಿ, ಜೀರಗಿ ಆತೇನ್ರಿ?" ಎಂದು ಕೇಳುತ್ತಾ ಹೋದೆ. ಅವರು ಹೇಳುತ್ತಾ ಹೋದರು. ನನ್ನ ದೊಡ್ಡ ಮನಸ್ಸಿನ ಬಗ್ಗೆ ನನಗೇ ಗೌರವ ಹುಟ್ಟಿತ್ತು.

ಮೊನ್ನೆ ಮಧ್ಯಾಹ್ನ ಮಜ್ಜಿಗೆಯ ಪಾತ್ರೆ ಹಿಡಿದು ಹೊರಗೆ ಬರುವಾಗ, ಬಾಗಿಲಿನಾಚೆ ಅತ್ತೆ ಇಮಾಮಸಾಬರ ಹತ್ತಿರ ಮಾತಾಡುವುದು ಕೇಳಿಸಿತು.

"ಆಕಿ ಮೂಗು ಬಂದು ತಿಂಗಳಾತಪಾ. ಹಾಲು ತಳ ಹತ್ತೂದರಾಗ ವಾಸನಿ ಹಿಡದು ತಾನ ಓಡತಾಳ, ಆಮ್ಯಾಲ ನನ್ನ ಕೇಳತಾಳ. ಒಬ್ಬಾಕಿನ ಮಾಡಾಕ ಅಂಜಿಕಿ ಇರಬೇಕು ಅಂತ ನಾನೂ ಗೊತ್ತಿಲ್ಲದಂಗ ಇದ್ದೇನಿ. ಏನ ಮಾಡೂದು, ಮಗಳಿದ್ದಂಗ. ಆದರ ಮುಂಜಾನಿಂದ ಮಧ್ಯಾಹ್ನದ ಮಟಾ ಈ ಕುರ್ಚಿ ಮ್ಯಾಲ ಕುಂತ ಮೊಣಕಾಲು ಕಂಬ ಆಗ್ಯಾವ ನೋಡು. ಒಂದೀಟ ಅಡ್ಡಾಗೂಣು ಅಂದ್ರ ಬಿಡವಲ್ಲಳು."

ನಾನು ಏನೂ ಕೇಳಿಸದವಳಂತೆ ಹೊರಗೆ ಹೋಗಿ ಮಜ್ಜಿಗೆ ಬಡಿಸಿದೆ. ಮರುದಿನ ಬೆಳಿಗ್ಗೆ, "ಅತ್ತಿ, ನನ್ನ ಮೂಗು ಬಂದಂಗ ಅನಸಾಕತ್ತೇತ್ರಿ. ನೀವು ಅಡ್ಡಾಗ್ರಿ, ನಾ ನೋಡಕೋತೇನಿ" ಅಂದೆ. ಅವರು ಬೇಡವೆನ್ನಬಹುದು, ಒಂದೆರಡು ಮಾತು ಉಪಚಾರಕ್ಕಾದರೂ ಆಡಬಹುದು ಎಂದುಕೊಂಡಿದ್ದೆ. "ಛಲೋ ಆತು ಬಿಡು" ಎಂದು ಕೋಲು ಹಿಡಿದು ಎದ್ದವರು ತಿರುಗಿಯೂ ನೋಡದೆ ಮಂಚ ಸೇರಿದರು. ಅಂಥ ಮೊಣಕಾಲಿನಲ್ಲಿ ಅಷ್ಟು ಚುರುಕು ನಡಿಗೆಯನ್ನು ನಾನು ಕಂಡೇ ಇರಲಿಲ್ಲ.

ಆ ಮಧ್ಯಾಹ್ನ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ. ಮಾಸ್ತರು ಮೂರು ಲೋಟ ನೀರು ಕೇಳಿ ಕುಡಿದರು. ಇಮಾಮಸಾಬರು ಅನ್ನವನ್ನೇ ಹೆಚ್ಚು ಹಾಕಿಸಿಕೊಂಡರು. ಯಜಮಾನರು "ಛಲೋ ಐತಿ" ಅಂದರು. ನಾನು ಬಾಗಿಲಲ್ಲಿ ನಿಂತು ಒಳಗಿನಿಂದ ಒಂದು ಮಾತು ಬಂದೀತೆಂದು ಕಾದೆ. ಅತ್ತೆಯ ಗೊರಕೆ ಮಾತ್ರ ಕೇಳಿಸುತ್ತಿತ್ತು.